ಹೊರರಾಜ್ಯದವರು ಬಂದಿದ್ದರಿಂದ ಕಲಬುರಗಿಯಲ್ಲಿ ನಮ್ಮವರ ಪಗಾರ ಇಳಿದಿದೆಯೇ?

ಕಟ್ಟಡ ಕೆಲಸಕ್ಕೆ ಬಿಹಾರ, ಒಡಿಶಾ ಕಡೆಯವರು ಬಂದಮೇಲೆ ನಮ್ಮ ಹುಡುಗರಿಗೆ ಕೆಲಸವೂ ಸಿಗುತ್ತಿಲ್ಲ, ಪಗಾರವೂ ಏರುತ್ತಿಲ್ಲ, ಇದು ನಿಜವೇ ಎಂದು ಕೇಳಿದ್ದೀರಿ. ಕೆಲವರ ಮಟ್ಟಿಗೆ ನಿಜ. ಯಾರ ಮಟ್ಟಿಗೆ ಎಂಬುದು ಬಂದವರು ಮಾಡುವ ಕೆಲಸದ ಮೇಲೆ ನಿಂತಿದೆ.

ಸರಳು ಕಟ್ಟುವ ತಂಡ ಹೊರಗಿನಿಂದ ಬಂದು ಸ್ಲ್ಯಾಬಿನ ಕೆಲಸ ಬೇಗ ಮುಗಿಸಿದರೆ ಊರಿನ ಗೌಂಡಿಗೆ ಗೋಡೆ, ಪ್ಲಾಸ್ಟರ್ ಬೇಗ ಸಿಗುತ್ತದೆ. ವೈರಿಂಗ್, ನಳದ ಕೆಲಸದವರಿಗೂ ಹಾಗೆಯೇ. ಇವರಿಗೆ ಲಾಭ. ತಲೆ ಮೇಲೆ ಪುಟ್ಟಿ (ಬುಟ್ಟಿ) ಹೊರುವ ಬಿಗಾರಿಯ, ಅಂದರೆ ಕೂಲಿಯಾಳಿನ, ಕಥೆ ಬೇರೆ. ಅವನ ಕೆಲಸವನ್ನು ಯಾರು ಬೇಕಾದರೂ ಒಂದೇ ದಿನದಲ್ಲಿ ಕಲಿಯಬಹುದು, ಹಾಗಾಗಿ ಪೆಟ್ಟು ಮೊದಲು ಬೀಳುವುದು ಅವನಿಗೇ.

ಆ ಪೆಟ್ಟು ದಿನಗೂಲಿಯಲ್ಲಿ ಕಾಣುವುದಿಲ್ಲ, ಗಂಟೆ ಲೆಕ್ಕ ಹಾಕಿ. ಉದಾಹರಣೆಗೆ ಇಬ್ಬರಿಗೂ ದಿನಕ್ಕೆ 600 ರೂಪಾಯಿ ಎಂದಿಟ್ಟುಕೊಳ್ಳಿ. ಊರಿನವನು 8 ಗಂಟೆ ದುಡಿದು ಮನೆಗೆ ಹೋದರೆ ಗಂಟೆಗೆ 75 ರೂಪಾಯಿ. ಸೈಟಿನ ತಗಡಿನ ಶೆಡ್ಡಿನಲ್ಲೇ ಇರುವವನು 11 ಗಂಟೆ ದುಡಿದರೆ ಗಂಟೆಗೆ 55 ರೂಪಾಯಿಯೂ ಬೀಳುವುದಿಲ್ಲ. ಓವರ್‌ಟೈಮಿಗೆ ದುಪ್ಪಟ್ಟು ದರ ಕೊಡಬೇಕೆಂಬುದು ಕಾನೂನು. ಅಂದರೆ ಮೇಲಿನ 3 ಗಂಟೆಗೆ 450 ರೂಪಾಯಿ ಸೇರಿ ಅವನಿಗೆ 1,050 ಬರಬೇಕಿತ್ತು. ಆ 450 ಗುತ್ತೇದಾರನ ಬಳಿ ಉಳಿಯುತ್ತದೆ, ಕೆಲಸಕ್ಕಾಗಿ ನಾಕಾದಲ್ಲಿ ನಿಂತ ನಮ್ಮ ಹುಡುಗನನ್ನು ಅವನು ಕರೆಯದಿರುವುದು ಇದಕ್ಕೇ. ಮುಂಗಡ ಪಡೆದು ಬಂದವನಿಗೆ, ಗುತ್ತೇದಾರ ಅರ್ಧ ಪಗಾರ ಹಿಡಿದಿಟ್ಟುಕೊಂಡಿರುವಾಗ, ಬೇರೆ ಸೈಟಿಗೆ ಹೋಗಲೂ ಆಗುವುದಿಲ್ಲ. ತಪ್ಪು ಅವನದೆಂದು ನಾನು ಹೇಳಲಾರೆ.

ಅರ್ಥಶಾಸ್ತ್ರದ ಪಂಡಿತರಲ್ಲೂ ಇದರ ಬಗ್ಗೆ ಜಗಳವಿದೆ. 1980ರಲ್ಲಿ ಕ್ಯೂಬಾದಿಂದ ಸುಮಾರು 1,25,000 ಜನ ಕೆಲವೇ ತಿಂಗಳಲ್ಲಿ ಅಮೆರಿಕಕ್ಕೆ ಬಂದರು, ಅಲ್ಲಿನ ಮಯಾಮಿ ನಗರದ ದುಡಿಯುವವರ ಸಂಖ್ಯೆ ಸುಮಾರು ಶೇ 7ರಷ್ಟು ಏರಿತು. ಸ್ಥಳೀಯರ ಕೂಲಿ ಇಳಿದ ಗುರುತು ಇಲ್ಲವೆಂದು ಡೇವಿಡ್ ಕಾರ್ಡ್ 1990ರಲ್ಲಿ ಬರೆದರು. ಹೈಸ್ಕೂಲ್ ಮುಗಿಸದ ಗಂಡಸರನ್ನಷ್ಟೇ ಬೇರೆ ತೆಗೆದು ನೋಡಿದ ಜಾರ್ಜ್ ಬೋರ್ಹಾಸ್, ಅವರ ಕೂಲಿ ಶೇ 10ರಿಂದ 30ರವರೆಗೆ ಬಿದ್ದಿದೆ ಎಂದರು. ಆ ಗುಂಪಿನ ಮಾದರಿ ತೀರಾ ಚಿಕ್ಕದೆಂಬ ಆಕ್ಷೇಪವೂ ಇದೆ. ಸರಾಸರಿ ನೋಡಿದರೆ ಬಿಗಾರಿಯ ನಷ್ಟ ಮುಚ್ಚಿಹೋಗುತ್ತದೆ ಎಂಬುದನ್ನಂತೂ ನಾನು ಒಪ್ಪುತ್ತೇನೆ.

ಹಾಗೆಂದು ಬರುವವರನ್ನು ತಡೆದರೆ ಪಗಾರ ಏರಿಯೇಬಿಡುತ್ತದೆ ಎಂದೇನೂ ಇಲ್ಲ. ಮೆಕ್ಸಿಕೋದ ಕೃಷಿ ಕೂಲಿಗಳನ್ನು ಕರೆಸುವ ಯೋಜನೆಯನ್ನು ಅಮೆರಿಕ 1964ರ ಕೊನೆಗೆ ನಿಲ್ಲಿಸಿತು. ಟೊಮೆಟೊ ಬೆಳೆಯುವವರು ಕೂಲಿ ಏರಿಸುವ ಬದಲು ಕೊಯ್ಲಿನ ಯಂತ್ರ ತಂದರು. ನಮ್ಮಲ್ಲೂ ತೊಗರಿ ಕೊಯ್ಲಿಗೆ ಆಳು ಸಿಗದಿದ್ದಾಗ ರೈತ ಹುಡುಕುವುದು ಯಂತ್ರವನ್ನೇ. ಜೊತೆಗೆ ಯಾದಗಿರಿ, ಚಿಂಚೋಳಿ ಕಡೆಯ ತಾಂಡಾಗಳಿಂದ ನಮ್ಮವರೇ ಮುಂಬೈ, ಪುಣೆ, ಹೈದರಾಬಾದಿಗೆ ಗುಳೆ ಹೋಗುತ್ತಾರೆ. ಬಾಗಿಲು ಮುಚ್ಚಿದರೆ ಅವರಿಗೂ ಮುಚ್ಚುತ್ತದೆ.

ನಮ್ಮ ಭಾಗಕ್ಕೆ ಸಂವಿಧಾನದ 371ಜೆ ವಿಧಿ ಇದೆಯಲ್ಲ ಎನ್ನಬೇಡಿ. ಅದರ ಮೀಸಲು ಸರ್ಕಾರಿ ಹುದ್ದೆ ಮತ್ತು ಶಿಕ್ಷಣಕ್ಕೆ, ಖಾಸಗಿ ಸೈಟಿಗೆ ಅಲ್ಲ. ಖಾಸಗಿ ಕೆಲಸದಲ್ಲಿ ಸ್ಥಳೀಯರ ಮೀಸಲಿಗೆಂದು 2024ರ ಜುಲೈನಲ್ಲಿ ಬಂದ ಮಸೂದೆಯನ್ನು ರಾಜ್ಯ ಸರ್ಕಾರ ತಡೆಹಿಡಿಯಿತು.

ನಿಮ್ಮ ಹುಡುಗರಿಗೆ ನಾನು ಹೇಳುವುದು ಇಷ್ಟು. ಹಾಜರಿಯ ಜೊತೆ ಬಂದ ಹೊತ್ತು, ಬಿಟ್ಟ ಹೊತ್ತು ತಾವೇ ಬರೆದಿಡಲಿ. ಗಂಟೆ ಬರೆಯದ ಹಾಜರಿ ಓವರ್‌ಟೈಮ್ ಕೇಳಲು ಉಪಯೋಗಕ್ಕೆ ಬಾರದು. 18ರಿಂದ 60 ವಯಸ್ಸಿನವರು ಹಿಂದಿನ 12 ತಿಂಗಳಲ್ಲಿ 90 ದಿನ ದುಡಿದಿದ್ದರೆ ಕಟ್ಟಡ ಕಾರ್ಮಿಕರ ಮಂಡಳಿಯಲ್ಲಿ ಹೆಸರು ಬರೆಸಲಿ. ಪುಟ್ಟಿ ಬಿಟ್ಟು ಕರಣಿ ಹಿಡಿಯಲಿ, ಇಲ್ಲವೇ ಸರಳು ಕಟ್ಟುವುದನ್ನು ಕಲಿಯಲಿ. ಓವರ್‌ಟೈಮ್ ದೂರು ಕೊಡುವಾಗ ಶೆಡ್ಡಿನಲ್ಲಿರುವವರ ಹೆಸರನ್ನೂ ಸೇರಿಸಿ ಕಾರ್ಮಿಕ ಇಲಾಖೆಗೆ ಕೊಡಲಿ. ಅವರಿಗೆ ಆ 450 ಸಿಕ್ಕ ದಿನ ಗುತ್ತೇದಾರನಿಗೆ ಅವರು ನಿಮ್ಮ ಹುಡುಗರಿಗಿಂತ ಅಗ್ಗವಾಗಿ ಉಳಿಯುವುದಿಲ್ಲ.