ಆಗುಂಬೆ ಮಳೆ ನೋಡಿ ಅಲೆ ಲೆಕ್ಕ ಹಾಕಬೇಡಿ

ಪ್ರಶ್ನೆ: ನಾವು ಮೂವರು ಗೆಳೆಯರು ಶಿವಮೊಗ್ಗದಿಂದ ಮೂಲ್ಕಿಗೆ ಸರ್ಫಿಂಗ್ ಕಲಿಯೋಕೆ ಹೋಗ್ತೀವಿ. ಎರಡು ಸಲವೂ ಆ್ಯಪ್‌ನಲ್ಲಿ ‘ಅಲೆ 1 ಮೀಟರ್’ ಅಂತಲೇ ಇತ್ತು, ಗಾಳಿಯೂ ಇರಲಿಲ್ಲ. ಒಂದು ದಿನ ಅಲೆಗೆ ಬೋರ್ಡ್ ತಳ್ಳುವಷ್ಟೂ ಕಸುವಿಲ್ಲ, ಇನ್ನೊಂದು ದಿನ ಬೋರ್ಡ್ ಸಮೇತ ಮಗುಚಿ ಹಾಕಿತು. ಯಾಕೆ ಸರ್?

ಉತ್ತರ: ನೀವು ಎತ್ತರ ನೋಡಿದಿರಿ, ಪಿರಿಯಡ್ ನೋಡಲಿಲ್ಲ. ಒಂದು ಅಲೆ ಹೋಗಿ ಮುಂದಿನದು ಬರೋಕೆ ಎಷ್ಟು ಸೆಕೆಂಡು ಅನ್ನೋದೇ ಪಿರಿಯಡ್. 6 ಸೆಕೆಂಡಿದ್ದರೆ ಅದು ಹತ್ತಿರದ ಗಾಳಿ ಎಬ್ಬಿಸಿದ ಅಲೆ, ಸುಮ್ನೆ ಕುಲುಕುತ್ತದೆ ಅಷ್ಟೆ. 15 ಸೆಕೆಂಡಿದ್ದರೆ ಅದು ಸ್ವೆಲ್, ಅಂದ್ರೆ ದೂರದ ಬಿರುಗಾಳಿಯಲ್ಲಿ ಹುಟ್ಟಿ ಇಲ್ಲಿವರೆಗೆ ಸಾಗಿ ಬಂದ ಅಲೆ. ಆಳ ಕಡಿಮೆಯಾದ ಹಾಗೆ ಅದು ಎದ್ದು ನಿಲ್ಲುತ್ತದೆ, ಆ್ಯಪ್‌ನ 1 ಮೀಟರ್ ದಡದ ಹತ್ತಿರ ಒಂದೂವರೆ ದಾಟಬಹುದು.

ಶಿವಮೊಗ್ಗದವರಿಗೆ ಇದು ಹೊಸದಲ್ಲ. ಊರಲ್ಲಿ ಬಿಸಿಲಿರುತ್ತದೆ, ಆದರೂ ತುಂಗಾ ನದಿಯ ಕೋರ್ಪಲಯ್ಯನ ಛತ್ರದ ಮಂಟಪ ಮುಳುಗುತ್ತದೆ, ಯಾಕಂದ್ರೆ ಮಳೆ ಬಿದ್ದಿದ್ದು ಶೃಂಗೇರಿ ಕಡೆ, ಅಲ್ವಾ? ಸಮುದ್ರದಲ್ಲಿ ಆ ‘ಶೃಂಗೇರಿ’ ಬಹಳ ದೂರ. ನಮ್ಮ ಕರಾವಳಿಗೆ ಬರುವ ದೊಡ್ಡ ಸ್ವೆಲ್‌ಗಳು ಹುಟ್ಟುವುದು ದಕ್ಷಿಣ ಹಿಂದೂ ಮಹಾಸಾಗರದ ಬಿರುಗಾಳಿಗಳಲ್ಲಿ, ಸುಮಾರು 6,000 ಕಿ.ಮೀ. ಆಚೆ. 15 ಸೆಕೆಂಡಿನ ಸ್ವೆಲ್ ದಿನಕ್ಕೆ ಹತ್ತಿರಹತ್ತಿರ 1,000 ಕಿ.ಮೀ. ಸಾಗುತ್ತದೆ. ಅಂದ್ರೆ ಇವತ್ತು ಅಲ್ಲಿನ ಗಾಳಿಯ ನಕ್ಷೆ ನೋಡಿದರೆ ಆರು ದಿನ ಮೊದಲೇ ಸುಳಿವು ಸಿಗುತ್ತದೆ. ನಾನೂ ಶುರುವಿನಲ್ಲಿ ಆಗುಂಬೆಯ ಮೋಡ ನೋಡಿಕೊಂಡು ಘಾಟಿ ಇಳಿದು, ಮೀನೂಟ ಮಾಡಿ ವಾಪಸ್ ಬಂದವನೇ.

ಇನ್ನು ಅಲೆ ಅಳೆಯುವ ವೇವ್ ಬಾಯ್ (buoy). ಸಮುದ್ರದಲ್ಲಿ ಲಂಗರು ಹಾಕಿ ತೇಲಿಬಿಟ್ಟ ಸಾಧನ ಅದು. ಅಲೆಯ ಜೊತೆ ಏರಿಳಿಯುವಾಗ ಒಳಗಿನ ಸೆನ್ಸರ್ ಎತ್ತರ, ಪಿರಿಯಡ್, ದಿಕ್ಕು ಅಳೆಯುತ್ತದೆ. ಹೈದರಾಬಾದಿನ ಇನ್‌ಕಾಯ್ಸ್ ಸಂಸ್ಥೆ ದೇಶದ ಕರಾವಳಿಯಲ್ಲಿ ಇಂಥವನ್ನು ಇಟ್ಟಿದೆ, ಮುನ್ಸೂಚನೆಯನ್ನೂ ಕೊಡುತ್ತದೆ. ಮುನ್ಸೂಚನೆ ಎಷ್ಟಾದರೂ ಕಂಪ್ಯೂಟರ್ ಲೆಕ್ಕ, ಬಾಯ್ ಹೇಳೋದು ಈಗ ನೀರಲ್ಲಿ ನಿಜವಾಗಿ ಏನಿದೆ ಅಂತ. ಒಂದು ಗುಟ್ಟು ಹೇಳ್ತೀನಿ: ಹೊಸ ಸ್ವೆಲ್ ಬರುವಾಗ ಬಾಯ್‌ನಲ್ಲಿ ಎತ್ತರ ಏರುವ ಮೊದಲೇ ಪಿರಿಯಡ್ ಜಿಗಿಯಬಹುದು, 8ರಿಂದ ಒಮ್ಮೆಲೇ 17, 18ಕ್ಕೆ. ಉದ್ದ ಪಿರಿಯಡ್‌ನ ಅಲೆಗಳಿಗೆ ವೇಗ ಜಾಸ್ತಿ, ಅವೇ ಮೊದಲು ಮುಟ್ಟುತ್ತವೆ. ಅದು ಕಂಡರೆ ಬೋರ್ಡ್ ಕಟ್ಟಿ.

ಎತ್ತರದ ಅಂಕಿಯನ್ನೂ ಪೂರ್ತಿ ನಂಬಬೇಡಿ. ಅದು ಬಂದ ಅಲೆಗಳಲ್ಲಿ ದೊಡ್ಡವಾದ ಮೂರನೇ ಒಂದು ಭಾಗದ ಸರಾಸರಿ, ನಡುವೆ ಒಂದೆರಡು ಅದರ ಎರಡರಷ್ಟೂ ಬರಬಹುದು. ನಿಮ್ಮನ್ನು ಮಗುಚಿದ್ದು ಅಂಥದ್ದೇ ಇರಬೇಕು.

ಜೂನ್‌ನಿಂದ ಆಗಸ್ಟ್‌ವರೆಗೆ ಮುಂಗಾರಿನ ಗಾಳಿಯೇ ಎಲ್ಲ ಕಲಕಿಬಿಡುತ್ತದೆ, ಕಲಿಯುವವರು ಆಗ ಬೇಡ. ಉಳಿದ ತಿಂಗಳಲ್ಲಿ ಬೆಳಗ್ಗೆ ಬೇಗ ನೀರಿಗಿಳಿಯಿರಿ, ಮಧ್ಯಾಹ್ನ ಕಡಲಗಾಳಿ ಎದ್ದರೆ ಅಲೆ ಕೆಡುತ್ತದೆ. ಅಂದ್ರೆ ರಾತ್ರಿಯೇ ಊರು ಬಿಡಬೇಕು. ಹೊರಡುವ ಮುಂಚೆ ಬಾಯ್ ಅಂಕಿ ಒಂದು ಸಲ ನೋಡಿ.