ಸಂಪಾದಕರ ಉತ್ತರ: ಬರ್ಹೂತ್ ಬಾವಿಯ ತಳದಲ್ಲಿ ಸಿಕ್ಕ ಮುತ್ತುಗಳು

ಮಾನ್ಯರೇ,

ಯೆಮನ್ ದೇಶದ ಬರ್ಹೂತ್ ಬಾವಿಯ (ಬಾವಿ ಎಂದು ಕರೆದರೂ ಅದು ನೆಲದಲ್ಲಿ ತಾನಾಗಿ ಆದ ಆಳವಾದ ಗುಹೆ) ಕುರಿತು ನಾವು ಪ್ರಕಟಿಸಿದ ಬರಹ ತಮಗೆ ನೋವು ತಂದಿದೆ. ‘ಜಿನ್ನ್‌ಗಳ ಸೆರೆಮನೆ ಎಂದು ಜನ ನಂಬಿಕೊಂಡು ಬಂದ ಜಾಗವನ್ನು ಹೀಗೆ ಬಯಲು ಮಾಡಬೇಕಿತ್ತೇ? ವಿಜ್ಞಾನಿಗಳು ವರದಿಯನ್ನು ತಮ್ಮೊಳಗೇ ಇಟ್ಟುಕೊಳ್ಳಬಹುದಿತ್ತು. ಅಷ್ಟಕ್ಕೂ ಮರುಭೂಮಿಯ ಗುಹೆಯಿಂದ ನಮಗೇನಾಗಬೇಕು?’ ಎಂದು ಕೇಳಿದ್ದೀರಿ.

ನಮ್ಮ ಶೀರ್ಷಿಕೆಯಲ್ಲಿ ಆ ನಂಬಿಕೆಯನ್ನು ಹಂಗಿಸುವ ಧಾಟಿ ಇತ್ತು. ಅದು ತಪ್ಪೇ, ಒಪ್ಪುತ್ತೇನೆ. ಉಳಿದುದನ್ನು ಒಪ್ಪಲಾರೆ.

ಆ ಬಾವಿಯ ಮಾತೆತ್ತಿದರೂ ಕೇಡು ತಟ್ಟುತ್ತದೆ ಎಂದು ಮಹ್ರಾ ಪ್ರಾಂತ್ಯದ ಜನ ಅಂಜುತ್ತಿದ್ದರು. ಯೆಮನ್‌ನ ಭೂವಿಜ್ಞಾನಿಗಳು ಐವತ್ತು ಅರವತ್ತು ಮೀಟರ್ ಇಳಿದು ಹಿಂದಿರುಗಿದ್ದರು. 2021ರ ಸೆಪ್ಟೆಂಬರ್‌ನಲ್ಲಿ ಒಮಾನಿನ ಗುಹಾ ಅನ್ವೇಷಕರು ಹಗ್ಗದ ಮೇಲೆ ಇಳಿದು 112 ಮೀಟರ್ ಆಳದ ತಳ ಮುಟ್ಟಿದರು. ಅಲ್ಲಿ ಹಾವುಗಳಿದ್ದವು, ಸತ್ತ ಪ್ರಾಣಿಗಳಿದ್ದವು. ಅಲ್ಲಿನ ದುರ್ವಾಸನೆಗೆ ಸತ್ತ ಹಕ್ಕಿಗಳೇ ಕಾರಣವೆಂದು ತಂಡದ ಭೂವಿಜ್ಞಾನ ಪ್ರಾಧ್ಯಾಪಕ ಮೊಹಮ್ಮದ್ ಅಲ್ ಕಿಂದಿ ಸುದ್ದಿಗಾರರಿಗೆ ತಿಳಿಸಿದರು. ಭಯ ಊರಿಗೆಲ್ಲ ಸೇರಿದ್ದಾಗಿರುವಾಗ ಅದರ ಕಾರಣ ತಿಳಿಯುವ ಹಕ್ಕು ನಾಲ್ಕು ಮಂದಿ ತಜ್ಞರಿಗೆ ಮಾತ್ರ ಹೇಗೆ ಸೇರೀತು?

ಸೋಜಿಗ ಕರಗಿತೆಂದು ತಾವು ಬರೆದಿದ್ದೀರಿ. ಬಾವಿಯ ತಳದಲ್ಲಿ ಬೂದು ಬಣ್ಣದ, ಎಳೆ ಹಸಿರು ಬಣ್ಣದ ಗುಹಾಮುತ್ತುಗಳು ಹರಡಿಕೊಂಡಿದ್ದವು. ಸುಣ್ಣ ಕರಗಿದ ನೀರು ಮೇಲಿನಿಂದ ತೊಟ್ಟಿಕ್ಕುತ್ತದೆ. ಕೆಳಗಿನ ಪುಟ್ಟ ಗುಂಡಿಯಲ್ಲಿ ಒಂದು ಮರಳಿನ ಕಣ ಇದ್ದರೆ ಸಾಕು, ಅದರ ಸುತ್ತ ಸುಣ್ಣ ಪದರ ಪದರವಾಗಿ ಕಟ್ಟುತ್ತದೆ. ಬೀಳುವ ಹನಿಯೇ ಅದನ್ನು ಅಲುಗಿಸುತ್ತಿರುವುದರಿಂದ ಅದು ನೆಲಕ್ಕೆ ಅಂಟಿಕೊಳ್ಳದೆ ದುಂಡಗಾಗುತ್ತದೆ. ಕತ್ತಲಲ್ಲಿ, ಯಾರೂ ನೋಡದಿರುವಾಗ, ಹನಿ ನೀರು ಮಾಡಿದ ಕೆಲಸವಿದು! ಇದನ್ನು ಓದಿದ ದಿನ ನನಗೆ ಬೇರೆ ಕೆಲಸದಲ್ಲಿ ಮನಸ್ಸು ನಿಲ್ಲಲಿಲ್ಲ.

ಇನ್ನು, ನಮಗೇನಾಗಬೇಕು ಎಂಬ ಪ್ರಶ್ನೆ. ಮಹ್ರಾದ ಪಕ್ಕದಲ್ಲೇ ಒಮಾನಿನ ದೋಫಾರ್ ಇದೆ. ನಮ್ಮಲ್ಲಿ ಮುಂಗಾರು ಸುರಿಯುವ ತಿಂಗಳುಗಳಲ್ಲಿ ಅದೇ ನೈಋತ್ಯ ಮಾರುತ ಅಲ್ಲಿನ ಬೆಟ್ಟಗಳಿಗೆ ಮಂಜು, ತುಂತುರು ತರುತ್ತದೆ. ದೋಫಾರಿನ ಕುನ್ಫ್ ಗುಹೆ, ಉತ್ತರ ಒಮಾನಿನ ಹೋಟಿ ಗುಹೆ, ಇವೆರಡರಲ್ಲೂ ನೆಲದಿಂದ ಮೇಲೆದ್ದ ಸುಣ್ಣದ ಕಂಬಗಳಿವೆ. ಮಳೆ ಇದ್ದಾಗ ಅವು ಬೆಳೆಯುತ್ತವೆ, ಮಳೆ ಹಿಂದೆ ಸರಿದಾಗ ನಿಲ್ಲುತ್ತವೆ. ಕಲ್ಲಿನಲ್ಲಿರುವ ಯುರೇನಿಯಂ ಕಾಲಕ್ರಮದಲ್ಲಿ ಥೋರಿಯಂ ಆಗಿ ಬದಲಾಗುವುದರಿಂದ, ಎರಡನ್ನೂ ಅಳೆದು ಆ ಪದರಗಳ ವಯಸ್ಸು ಹೇಳಬಹುದು. ಸುಮಾರು 10,000ದಿಂದ 6,000 ವರ್ಷಗಳ ಹಿಂದೆ ಮುಂಗಾರು ಮಳೆ ಈಗಿನ ಮರುಭೂಮಿಯ ಒಳಕ್ಕೂ, ಹೋಟಿಯವರೆಗೂ, ತಲುಪುತ್ತಿತ್ತೆಂದು ಗೊತ್ತಾದದ್ದು ಹೀಗೆ. ನಮ್ಮ ರೈತರು ಮುಗಿಲು ನೋಡಿ ಕಾಯುವ ಮಳೆಯ ಹಳೆಯ ಲೆಕ್ಕ ಆ ಕಲ್ಲಿನಲ್ಲಿದೆ.

ಮುಂದಿನ ಸಂಚಿಕೆಗೆ ಹೋಟಿ ಗುಹೆಯ ಬಗ್ಗೆಯೇ ಬರೆಸುತ್ತಿದ್ದೇವೆ. ಓದಿ, ಒಪ್ಪಿಗೆಯಾಗದಿದ್ದರೆ ಮತ್ತೆ ಬರೆಯಿರಿ.

ಸಂಪಾದಕ