ಸೋತಿದ್ದು ಸರಿ, ಯಾರ ಎದುರು ಅಂತ ನೋಡಿದಿರಾ?

ಓದುಗರ ಪ್ರಶ್ನೆ, ಹುಬ್ಬಳ್ಳಿಯ ಫುಟ್‌ಬಾಲ್ ಕೋಚ್ ಉತ್ತರ

*ಬೆಂಗಳೂರು ಎಫ್‌ಸಿ ಐ-ಲೀಗ್ ಗೆದ್ದಿತು, ಐಎಸ್‌ಎಲ್ ಗೆದ್ದಿತು. ಏಷ್ಯಾ ಮಟ್ಟಕ್ಕೆ ಹೋದರೆ ಮಾತ್ರ ಸೋಲು. ದೊಡ್ಡ ಪಂದ್ಯ ಅಂದ್ರೆ ಕೈಕಾಲು ನಡುಗುತ್ತೆ ಅಂತಾರೆ. ನಿಜವೇ ಸರ್? (ವಿದ್ಯಾನಗರ, ಹುಬ್ಬಳ್ಳಿ)*

ಐಎಸ್‌ಎಲ್ ಶುರುವಾದರೆ ಸಾಕು, ಈ ಪ್ರಶ್ನೆ ಬಂದೇ ಬರುತ್ತದೆ. ಕೇಳುವವರಲ್ಲಿ ಹೆಚ್ಚಿನವರು ಸ್ಕೋರ್ ನೋಡಿರುತ್ತಾರೆ, ಎದುರಾಳಿಯ ಹೆಸರು ನೋಡಿರುವುದಿಲ್ಲ.

ಏಷ್ಯಾದ ಕ್ಲಬ್‌ಗಳ ಎರಡನೇ ದರ್ಜೆಯ ಟೂರ್ನಿ ಎಎಫ್‌ಸಿ ಕಪ್. 2016ರದ್ದು ತಗೊಳ್ಳಿ. ಬೆಂಗಳೂರು ಗುಂಪಿನಲ್ಲಿ ಎರಡನೇ ಸ್ಥಾನ ಪಡೆದು ಮುಂದೆ ಹೋಯಿತು. ಹಾಂಗ್‌ಕಾಂಗ್‌ಗೇ ಹೋಗಿ ಕಿಚಿ ತಂಡವನ್ನು 3-2ರಿಂದ ಸೋಲಿಸಿತು. ನಡುವೆ ಕೋಚ್ ಬದಲಾದರು. ಆಶ್ಲೆ ವೆಸ್ಟ್‌ವುಡ್ ಹೋಗಿ ಆಲ್ಬರ್ಟ್ ರೋಕಾ ಬಂದರು. ಕ್ವಾರ್ಟರ್ ಫೈನಲ್‌ನಲ್ಲಿ ಸಿಂಗಪುರದ ಟ್ಯಾಂಪನೀಸ್ ರೋವರ್ಸ್ ಸೋತಿತು. ಸೆಮಿಫೈನಲ್‌ಗೆ ಸಿಕ್ಕಿದ್ದು ಮಲೇಷ್ಯಾದ ಜೊಹೊರ್ ದಾರುಲ್ ತಾಜಿಮ್, ಅಂದರೆ ಹಿಂದಿನ ವರ್ಷದ ಚಾಂಪಿಯನ್. ಅವರ ಊರಲ್ಲಿ 1-1. ಕಂಠೀರವದಲ್ಲಿ ಎರಡನೇ ಲೆಗ್ ಶುರುವಾಗಿ ಹನ್ನೊಂದೇ ನಿಮಿಷಕ್ಕೆ ಜೊಹೊರ್ ಗೋಲ್ ಹೊಡೆಯಿತು. ಕೈಕಾಲು ನಡುಗುವ ತಂಡವಾದರೆ ಅಲ್ಲೇ ಮುಗಿಯಬೇಕಿತ್ತು, ಅಲ್ವಾ? ಸುನಿಲ್ ಛೆಟ್ರಿ ಎರಡು ಹೊಡೆದರು, ಹುವಾನನ್ ಒಂದು. 3-1. ಭಾರತದ ಒಂದು ಕ್ಲಬ್ ಎಎಫ್‌ಸಿ ಕಪ್ ಫೈನಲ್ ತಲುಪಿದ್ದು ಅದೇ ಮೊದಲು. ಅದಕ್ಕೂ ಮುಂಚೆ 2008ರಲ್ಲಿ ಡೆಂಪೊ, 2013ರಲ್ಲಿ ಈಸ್ಟ್ ಬೆಂಗಾಲ್ ಸೆಮಿಫೈನಲ್‌ನಲ್ಲೇ ನಿಂತಿದ್ದವು.

ಫೈನಲ್ ನಡೆದಿದ್ದು ನವೆಂಬರ್ 5ರಂದು, ದೋಹಾದಲ್ಲಿ. ಎದುರಿಗೆ ಇರಾಕ್ ವಾಯುಪಡೆಯ ತಂಡ ಅಲ್-ಕುವಾ ಅಲ್-ಜವಿಯಾ. 70ನೇ ನಿಮಿಷದಲ್ಲಿ ಹಮ್ಮಾದಿ ಅಹ್ಮದ್ ಹೊಡೆದ ಒಂದೇ ಗೋಲ್. ಆ ಪಂದ್ಯಾವಳಿಯಲ್ಲಿ ಅದು ಆತನ 16ನೇ ಗೋಲ್. ‘ಗೋಲ್‌ಕೀಪರ್ ಅಮರಿಂದರ್ ಸಿಂಗ್ ಇದ್ದಿದ್ದರೆ ಕಪ್ ನಮ್ದೇ’ ಅಂತ ಈಗಲೂ ಹೇಳುವವರಿದ್ದಾರೆ. ಅಮರಿಂದರ್‌ಗೆ ಹಳದಿ ಕಾರ್ಡ್‌ಗಳ ಲೆಕ್ಕದಲ್ಲಿ ಅಮಾನತು ಆಗಿತ್ತು, ಅದು ನಿಜ. ಆದರೆ ಅವರ ಬದಲು ಬಂದ ಲಾಲ್‌ಥುಅಮ್ಮಾವಿಯಾ ರಾಲ್ಟೆ ಎಪ್ಪತ್ತು ನಿಮಿಷ ಬಾಗಿಲು ಕಾದರು. ಮುಂದೆ ಆಡುವವರು ಒಂದೂ ಗೋಲ್ ಹೊಡೆಯದಿದ್ದರೆ ಯಾವ ಗೋಲ್‌ಕೀಪರ್ ಬಂದು ಏನು ಮಾಡಬೇಕು?

ಈಗ ಮುಂದಿನ ಎರಡು ವರ್ಷ ನೋಡ್ರಿ. ನನಗೆ ಸಿಟ್ಟು ಬರೋದು ಇಲ್ಲಿ, ಏಕೆಂದರೆ ಇದನ್ನು ಯಾರೂ ಓದುವುದಿಲ್ಲ. 2017ರಿಂದ ಪದ್ಧತಿ ಬದಲಾಯಿತು. ಪಶ್ಚಿಮ ಏಷ್ಯಾದವರು ತಮ್ಮೊಳಗೇ ಆಡಿ ಒಂದು ತಂಡವನ್ನು ನೇರ ಫೈನಲ್‌ಗೆ ಕಳಿಸುತ್ತಿದ್ದರು. ಉಳಿದ ನಾಲ್ಕು ವಲಯಗಳಲ್ಲಿ ಗೆದ್ದವರು ಇನ್ನೊಂದು ಸ್ಥಾನಕ್ಕೆ ಹೊಡೆದಾಡಬೇಕಿತ್ತು. ಆ ವರ್ಷ ಬೆಂಗಳೂರು ಉತ್ತರ ಕೊರಿಯಾ ಸೇನೆಯ ‘4.25’ ಎಂಬ ಹೆಸರಿನ ತಂಡಕ್ಕೆ ಕಂಠೀರವದಲ್ಲಿ ಮೂರು ಗೋಲ್ ಹೊಡೆಯಿತು, ಪ್ಯೋಂಗ್ಯಾಂಗ್‌ಗೆ ಹೋಗಿ 0-0 ಮಾಡಿಕೊಂಡು ಬಂತು. ಆಮೇಲೆ ತಜಿಕಿಸ್ತಾನದ ಇಸ್ತಿಕ್ಲೋಲ್ ಎದುರು ಎರಡು ಲೆಗ್ ಸೇರಿ 3-2ರಿಂದ ಸೋತಿತು. 2018ರಲ್ಲಿ ತುರ್ಕ್‌ಮೆನಿಸ್ತಾನದ ಅಲ್ತಿನ್ ಅಸಿರ್ ಎದುರು ಸೋಲು.

ಆ ಇಸ್ತಿಕ್ಲೋಲ್ 2017ರ ಫೈನಲ್ ಆಡಿತು. ಆ ಅಲ್ತಿನ್ ಅಸಿರ್ 2018ರ ಫೈನಲ್ ಆಡಿತು. ಎರಡನ್ನೂ ಸೋಲಿಸಿದ್ದು ಮತ್ತೆ ಅದೇ ಅಲ್-ಜವಿಯಾ. ಇನ್ನೂ ಹಿಂದೆ ಹೋದರೆ, 2015ರ ಏಷ್ಯಾದ ಚಾಂಪಿಯನ್ಸ್ ಲೀಗ್ ಅರ್ಹತಾ ಪಂದ್ಯದಲ್ಲಿ ಬೆಂಗಳೂರನ್ನು ಹೆಚ್ಚುವರಿ ಸಮಯದಲ್ಲಿ 2-1ರಿಂದ ಹೊರಹಾಕಿದ್ದು ಜೊಹೊರ್. ಅದೇ ಜೊಹೊರ್ ಆ ವರ್ಷ ಎಎಫ್‌ಸಿ ಕಪ್ ಎತ್ತಿತು. ಇದನ್ನು ಬಿಟ್ಟು ಬೈಯುವುದು ಮಾರ್ಕ್ಸ್ ಕಾರ್ಡ್‌ನ ಕೊನೇ ಸಾಲು ಮಾತ್ರ ನೋಡಿ ಹುಡುಗನಿಗೆ ಹೊಡೆದ ಹಾಗೆ.

ಹಾಗಂತ ಎಲ್ಲವನ್ನೂ ಒಪ್ಪಿಕೊಳ್ಳಿ ಅಂತಲ್ಲ. 2018ರಲ್ಲಿ ಅಲ್ತಿನ್ ಅಸಿರ್‌ಗೆ ಮನೆಯಂಗಳದಲ್ಲೇ ಮೂರು ಗೋಲ್ ಬಿಟ್ಟುಕೊಟ್ಟಿದ್ದು ತಪ್ಪೇ. ಆಗಸ್ಟ್ ತಿಂಗಳು, ಐಎಸ್‌ಎಲ್ ಇನ್ನೂ ಶುರುವಾಗಿರಲಿಲ್ಲ. ಪಂದ್ಯ ಆಡದ ಕಾಲಿಗೆ ಎಷ್ಟು ಓಡಿಸಿದರೂ ಪಂದ್ಯದ ಕಸುವು ಬರೋದಿಲ್ಲ. ನಾಚಿಕೆಪಡಬೇಕಾದ್ದು ಅಂದರೆ ನನ್ನ ಪ್ರಕಾರ 2020. ಭೂತಾನ್‌ನ ಪಾರೊ ತಂಡಕ್ಕೆ 9-1ರಲ್ಲಿ ಬಾರಿಸಿ, ಮುಂದಿನ ಸುತ್ತಿನಲ್ಲೇ ಮಾಲ್ಡೀವ್ಸ್‌ನ ಮಝಿಯಾ ಎದುರು ಪೆನಾಲ್ಟಿ ಶೂಟೌಟ್‌ನಲ್ಲಿ ಸೋತರು. ಅದಕ್ಕೆ ಬೈಯಿರಿ, ನಾನೂ ಸೇರಿಕೊಳ್ಳುತ್ತೇನೆ. 2016ಕ್ಕೆ ಬೈಯಬೇಡಿ.

*ಬಿಎಫ್‌ಸಿ ಏಷ್ಯನ್ ಕಪ್ ಫೈನಲ್ ಆಡಿದೆಯಂತೆ, ಹೌದಾ? (ಧಾರವಾಡ)*

ಇಲ್ಲ. ಏಷ್ಯನ್ ಕಪ್ ದೇಶಗಳದ್ದು, ಎಎಫ್‌ಸಿ ಕಪ್ ಕ್ಲಬ್‌ಗಳದ್ದು, ಅದೂ ಎರಡನೇ ದರ್ಜೆಯದು. ಆ ಹೆಸರೂ 2023-24ಕ್ಕೆ ಮುಗಿಯಿತು.

*ಈಸ್ಟ್ ಬೆಂಗಾಲ್ 2003ರಲ್ಲೇ ಏಷ್ಯಾ ಗೆದ್ದಿದೆ, ಬಿಎಫ್‌ಸಿ ಯಾವ ಲೆಕ್ಕ? (ಬೆಟಗೇರಿ, ಗದಗ)*

ಜಕಾರ್ತಾದಲ್ಲಿ ಗೆದ್ದಿದ್ದು ಆಸಿಯಾನ್ ಕ್ಲಬ್ ಚಾಂಪಿಯನ್‌ಶಿಪ್. ಆಗ್ನೇಯ ಏಷ್ಯಾದ ಟೂರ್ನಿ. ದೊಡ್ಡ ಗೆಲುವೇ, ಆದರೆ ಇಡೀ ಏಷ್ಯಾ ಅಲ್ಲ.

*ಹಳೇ ದಾಖಲೆ ನೋಡಿ ಫ್ಯಾಂಟಸಿ ಆ್ಯಪ್‌ನಲ್ಲಿ ಟೀಮ್ ಮಾಡಬಹುದಾ? ಟೆಲಿಗ್ರಾಂನಲ್ಲಿ ಒಬ್ಬರು ಪಕ್ಕಾ ಟಿಪ್ಸ್ ಕೊಡ್ತಾರೆ. (ಗದಗ)*

ಪಕ್ಕಾ ಗೊತ್ತಿದ್ದವನು ನಿಮಗ್ಯಾಕೆ ಹೇಳುತ್ತಾನೆ? ಈ ಪ್ರಶ್ನೆ ಇನ್ನು ಕಳಿಸಬೇಡಿ.

*ಮಗನಿಗೆ 13 ವರ್ಷ. ಬಿಎಫ್‌ಸಿ ಅಕಾಡೆಮಿಯಲ್ಲಿ ಸೀಟು ಕೊಡಿಸ್ತೀನಿ ಅಂತ ಒಬ್ಬ ಏಜೆಂಟ್ ಅಡ್ವಾನ್ಸ್ ಕೇಳ್ತಿದ್ದಾನೆ. (ರಾಣೆಬೆನ್ನೂರು, ಹಾವೇರಿ ಜಿಲ್ಲೆ)*

ಒಂದು ರೂಪಾಯಿ ಕೊಡಬೇಡಿ. ಸೀಟು ಅನ್ನೋಕೆ ಅದೇನು ಬಸ್ಸೇ? ಹುಡುಗನ ಆಟ ನೋಡದೆ ದುಡ್ಡು ಕೇಳಿದ ಅಂದರೆ ಅವನಿಗೆ ಫುಟ್‌ಬಾಲ್ ಗೊತ್ತಿಲ್ಲ, ನಿಮ್ಮ ಆಸೆ ಗೊತ್ತಿದೆ. ಟ್ರಯಲ್ಸ್ ಯಾವಾಗ ಅಂತ ಕ್ಲಬ್‌ನ ಸ್ವಂತ ವೆಬ್‌ಸೈಟ್‌ನಲ್ಲಿ ನೋಡಿ. ಈಗಾಗಲೇ ಕೊಟ್ಟಿದ್ದರೆ ಫೋನ್‌ಪೇ ಸ್ಕ್ರೀನ್‌ಶಾಟ್ ಹಿಡಿದುಕೊಂಡು ನಾಳೆಯೇ ಪೊಲೀಸ್ ಠಾಣೆಗೆ ಹೋಗಿ.